ಮೈಕಿನಲ್ಲಿ ಹೇಳಿದ ಹೆಸರು

ನಾರಾಯಣಪುರ, ತಾ. ಬಸವಕಲ್ಯಾಣ
೧೯-೬-೨೦೦೦, ಸೋಮವಾರ

ನಮ್ಮ ಮನೆಯವರಿಗೆ, ಸೂಗಮ್ಮಳ ಶರಣು.

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ಎಮ್ಮೆ, ಎತ್ತು ಮತ್ತು ನನ್ನ ಮಟ್ಟಿಗೆ ಅದು ನಿಜ. ಉದ್ದು, ತೊಗರಿ ಬಿತ್ತನೆ ಮುಗಿಯಿತು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ನಾನೇ ಬಣ್ಣ ಹಚ್ಚಿದೆ. ಕೆಂಪು ಸಾಲದೆ ಒಂದು ಕೊಂಬು ಹಸಿರಾಯಿತು. ಪಕ್ಕದ ಮನೆಯ ಧೂಳಮ್ಮಾಯಿ ನೋಡಿ, ಯಾರಾದರೂ ಫೋಟೋ ಹೊಡೆದು ಎತ್ತೂ ಜಾತಿ ಕೆಟ್ಟಿತು ಎಂದು ಪಾಂಪ್ಲೆಟ್ ಹಂಚಿಯಾರು ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಆದರೂ ನಕ್ಕೆ.

ನೀವು ಹುಮನಾಬಾದಿನಲ್ಲಿ ನಿಮ್ಮ ತಮ್ಮ ಸಂಜೀವಕುಮಾರನ ಗೊಬ್ಬರದ ಅಂಗಡಿಯಲ್ಲಿ ಕೂತಿರುತ್ತೀರಿ, ಊಟ, ನಿದ್ದೆ ಮಾಣಿಕನಗರದ ಅವನ ಮನೆಯಲ್ಲಿ ಎಂದು ಬಸ್ಸಿಗೆ ಬಂದವರು ಹೇಳಿದರು. ನೀವಂತೂ ಹೇಳಿ ಹೋಗಲಿಲ್ಲ.

ವೋಟಿನ ಎಣಿಕೆ ಬಸವಕಲ್ಯಾಣದಲ್ಲಿ ಆಯಿತು. ನಾನು ಸೋತೆ. ಅದು ನಿಮಗೆ ನನಗಿಂತ ಮೊದಲೇ ತಿಳಿದಿರುತ್ತದೆ. ತಾಲ್ಲೂಕು ಪಂಚಾಯಿತಿಯ ಕುರ್ಚಿ ನಿಮ್ಮ ಆಸೆ. ಹೆಣ್ಣುಮಕ್ಕಳಿಗೆ ಮೀಸಲು ಬಂತು ಎಂದು ನನ್ನನ್ನು ನಿಲ್ಲಿಸಿದಿರಿ. ಪೋಸ್ಟರಿನಲ್ಲಿ ನಿಮ್ಮ ಮುಖ ದೊಡ್ಡದು, ನನ್ನದು ಮೂಲೆಯಲ್ಲಿ ಅಂಚೆ ಚೀಟಿಯಷ್ಟು. ಅದಕ್ಕೆ ನನ್ನ ತಕರಾರು ಇರಲಿಲ್ಲ. ಮೊದಮೊದಲು ಜೀಪಿನ ಮುಂದಿನ ಸೀಟು ನನಗೆ ಹಿತವಾಗಿಯೇ ಇತ್ತು.

ಈ ಕಾಗದ ಸೋಲಿನ ಬಗ್ಗೆ ಅಲ್ಲ. ನಮಗೆಲ್ಲ ಬಳೆ ಇಡಿಸುವ ಬೀಬಿಜಾನ ಊರು ಬಿಡುತ್ತಿದ್ದಾಳೆ. ಬರುವ ಶುಕ್ರವಾರ ಮಗಳನ್ನು ಕರೆದುಕೊಂಡು ಮನ್ನಾಏಖೇಳ್ಳಿಗೆ, ಅವಳ ತಮ್ಮನ ಮನೆಗೆ ಹೋಗುತ್ತಾಳೆ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಅದು ಹೇಗೆ ಎಂದು ಹೇಳಬೇಕಾದರೆ ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕು. ಸಹಿಸಿಕೊಳ್ಳಿ.

ಎದುರು ಪಕ್ಷದವರು ಹಂಚಿದ ಪಾಂಪ್ಲೆಟಿನಲ್ಲಿ ನನ್ನ ಫೋಟೋ ಇತ್ತು. ಈ ವರ್ಷದ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ದೇವರು ಹೊಳೆಗೆ ಹೋಗುವ ದಿನ ಹೊಡೆದದ್ದು. ತಲೆಯ ಮೇಲೆ ಸೆರಗು, ಕೈಯಲ್ಲಿ ರೊಟ್ಟಿ ಮುರಿದು ಬೆಲ್ಲ ಕಲಸಿದ ಮಲೀದಾ ತುಂಬಿದ ತಾಟು, ಕೊರಳಲ್ಲಿ ಫಕೀರರು ಹಾಕಿಕೊಳ್ಳುವ ಕೆಂಪು ದಾರದ ಲಾಡಿ, ಪಕ್ಕದಲ್ಲಿ ಬೀಬಿಜಾನ. ಸೂಗಮ್ಮ ಧರ್ಮ ಬಿಟ್ಟಿದ್ದಾಳೆ, ಕೊರಳಲ್ಲಿ ಲಿಂಗ ಇಲ್ಲ, ಲಾಡಿ ಇದೆ, ನಾಳೆ ಗೆದ್ದರೆ ಗುಡಿಯ ಜಾಗ ಯಾರಿಗೆ ಬರೆದುಕೊಡುತ್ತಾಳೋ ನೋಡಿಕೊಳ್ಳಿ ಎಂದು ಕೆಳಗೆ ಬರೆದಿದ್ದರು. ಲಿಂಗ ಸೆರಗಿನ ಒಳಗಿತ್ತು. ಅದನ್ನು ಹೊರಗೆ ಹಾಕಿಕೊಂಡು ಓಡಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ನನಗೆ ಅವಮಾನವಾಯಿತು. ಆದರೆ ಗಾಬರಿಯಾಗಲಿಲ್ಲ. ಈ ಊರಲ್ಲಿ ಅಲಾಯಿ ದೇವರಿಗೆ ಸಕ್ಕರೆ ಒಯ್ದು ಫಾತೆಹಾ ಓದಿಸದ ಮನೆ ಯಾವುದಿದೆ? ಆ ಪಾಂಪ್ಲೆಟ್ ಹಂಚಿದವನ ತಾಯಿಯೂ ಅಂದು ನನ್ನ ಹಿಂದೆಯೇ ಬರಿಗಾಲಲ್ಲಿ ನಡೆದಿದ್ದಳು. ಫೋಟೋದಲ್ಲಿ ಅವಳ ಅರ್ಧ ಕೈ ಕಾಣುತ್ತದೆ. ನಿಜ ಹೇಳಿದರೆ ಮುಗಿಯಿತು ಎಂದೆ. ನಿಜಕ್ಕೆ ವೋಟು ಬೀಳುವುದಿಲ್ಲ, ಪೇಟೆಯವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ನೀವು ಅಂದಿರಿ. ಬಸವಕಲ್ಯಾಣದಿಂದ ಬಂದಿದ್ದ ನಿಮ್ಮ ಪಕ್ಷದ ಸಾಹೇಬರು ನನಗೆ ಚಹಾ ಮಾಡಲು ಹೇಳಿದರು. ಚಹಾ ಆಗುವಷ್ಟರಲ್ಲಿ ಒಳಗೆ ಎಲ್ಲಾ ತೀರ್ಮಾನವಾಗಿತ್ತು.

ಮರುದಿನ ನಿಮ್ಮ ಆಟೋ ಓಣಿ ಓಣಿ ತಿರುಗಿತು. ಮೈಕಿನಲ್ಲಿ ನಿಮ್ಮದೇ ದನಿ. ನಮ್ಮ ಸೂಗಮ್ಮ ಮುಗ್ಧೆ, ಬಳೆ ಇಡಿಸುವ ನೆಪದಲ್ಲಿ ಮನೆಯೊಳಗೆ ಬರುವ ಬೀಬಿಜಾನ ಮಲೀದಾದಲ್ಲಿ ಏನೋ ಬೆರೆಸಿ ತಿನ್ನಿಸಿ, ಬುದ್ಧಿ ಮಂಕು ಮಾಡಿ ಲಾಡಿ ಕಟ್ಟಿದ್ದಾಳೆ, ಇಂಥವರಿಂದ ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕಾಪಾಡಿಕೊಳ್ಳಿ. ಅವರು ನನ್ನ ಮೇಲೆ ಹೇಳಿದ ಸುಳ್ಳನ್ನು ನೀವು ಎತ್ತಿ ಬೀಬಿಜಾನಳ ತಲೆಯ ಮೇಲೆ ಇಟ್ಟಿರಿ. ನಾನು ಹಿಂದಿನ ಜೀಪಿನಲ್ಲಿ ಕೂತು ಜನರಿಗೆ ಕೈ ಮುಗಿಯುತ್ತಿದ್ದೆ. ದನಿ ಸರಿಯಾಗಿ ಕಿವಿಗೆ ಬಿದ್ದ ಮೇಲೂ ಎರಡು ಓಣಿ ಕೈ ಮುಗಿದೇ ಇದ್ದೆ.

ಆಮೇಲೆ ಆದದ್ದನ್ನು ನೀವು ನೋಡಲಿಲ್ಲ, ಪ್ರಚಾರದ ಗಡಿಬಿಡಿ ನಿಮಗೆ. ಬೀಬಿಜಾನ ಬಳೆ ಬುಟ್ಟಿ ಹೊತ್ತು ಹೊರಟರೆ ಬಾಗಿಲುಗಳು ಮುಚ್ಚಿಕೊಂಡವು. ಕೈ ಹಿಡಿದು ಬಳೆ ಏರಿಸುವವಳು ಮದ್ದು ಹಾಕುತ್ತಾಳೆ ಎಂದು ಒಮ್ಮೆ ಮನಸ್ಸಿಗೆ ಹೊಕ್ಕರೆ ಯಾರು ಕೈ ಚಾಚುತ್ತಾರೆ? ಗಯಾಬಾಯಿಯ ಮಗಳ ಮದುವೆ ಇತ್ತು. ಆ ಮನೆಗೆ ಮೂರು ತಲೆಮಾರಿನಿಂದ ಬೀಬಿಜಾನಳ ಮನೆಯವರೇ ಮದುವೆಯ ಹಸಿರು ಬಳೆ ಇಡಿಸಿದವರು. ಈ ಸಲ ಪೇಟೆಯಿಂದ ಡಬ್ಬಿ ತರಿಸಿ ತಾವೇ ಹಾಕಿಕೊಂಡರು. ಬೀಬಿಜಾನ ಚಪ್ಪರದ ಹೊರಗೆ ಸ್ವಲ್ಪ ಹೊತ್ತು ನಿಂತು ಮನೆಗೆ ಹೋದಳು.

ನಾನು ಅವಳ ಮನೆಗೆ ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವಳು ಒಂದೇ ಮಾತು ಕೇಳಿದಳು:

“ಮಲೀದಾದಾಗ ನಾ ಏನು ಹಾಕೀನಿ ಅಕ್ಕಾ? ನಿಮ್ಮನಿ ಬೆಲ್ಲ, ನಿಮ್ಮನಿ ತುಪ್ಪ, ನೀವs ಮಾಡೀರಿ. ನಾ ಬರೇ ಓದಿಸಿ ಕೊಟ್ಟೀನಿ.”

ಅದಕ್ಕೇ ಕೊನೆಯ ದಿನ ಗುಡಿಯ ಮುಂದಿನ ಸಭೆಯಲ್ಲಿ ನಾನು ಹಾಗೆ ಮಾಡಿದೆ. ನೀವು ನನಗೆ ಹೇಳಿಕೊಟ್ಟದ್ದು ಒಂದೇ ಸಾಲು, ಕೈ ಮುಗಿದು ಗುರುತಿಗೆ ವೋಟು ಕೇಳಿ ಕೂತುಬಿಡು ಎಂದು. ಮೈಕು ಕೈಗೆ ಬಂತು. ಎದುರಿಗೆ ಹೆಂಗಸರು ಕೂತಿದ್ದರು, ಗಯಾಬಾಯಿಯೂ ಇದ್ದಳು. ಬೀಬಿಜಾನ ಇರಲಿಲ್ಲ. ನಾನು ಆಡಿದ ಮಾತು ಊರೆಲ್ಲ ಒಂದಕ್ಕೆ ನಾಲ್ಕು ಸೇರಿಸಿ ಹೇಳುತ್ತಿದೆ. ನಿಮಗೂ ಹುಮನಾಬಾದಿನ ತನಕ ಬೇರೆ ಬೇರೆ ಬಣ್ಣದಲ್ಲಿ ಬಂದಿರಬಹುದು. ಇದ್ದದ್ದು ಇಷ್ಟೇ:

“ಲಾಡಿ ನಮ್ಮನಿದು. ಬೀಬಿಜಾನ ಮದ್ದು ಹಾಕಿ ಕಟ್ಟಿದ್ದಲ್ಲ. ಹುಟ್ಟಿದ ಕೂಸು ಒಂದೂ ಉಳೀವಲ್ದು ಅಂತ ನಮ್ಮತ್ತಿ ಅಲಾಯಿ ದೇವರಿಗೆ ಬೇಡ್ಕೊಂಡಿದ್ಳು. ಉಳಿದ ಕೂಸಿಗೆ ಆ ದೇವರ ಹೆಸರs ಇಟ್ಟಳು. ನಮ್ಮ ಮನಿಯವರ ಹೆಸರು ಹುಸೇನಪ್ಪ.”

ಮದುವೆಯಲ್ಲಿ ಬಾಗಿಲು ತಡೆದಾಗ, ಗಂಡನ ಹೆಸರು ಹೇಳುವ ಒಡಪಿನಲ್ಲಿ ನಿಮ್ಮ ಶಾಲೆಯ ಹೆಸರು ಗುರುಶಾಂತ ಎಂದು ಹೇಳಿದ್ದೆ. ಅದು ಬಿಟ್ಟರೆ ಇಷ್ಟು ವರ್ಷ ನಿಮ್ಮ ಹೆಸರು ನನ್ನ ನಾಲಿಗೆಯ ಮೇಲೆ ಬಂದಿರಲಿಲ್ಲ. ಸಂತೆಯಲ್ಲಿ ನೀವು ಕಳೆದರೂ, ಏನ್ರಿ, ಇಲ್ಲಿ ನೋಡ್ರಿ ಎಂದೇ ಕೂಗಿದವಳು ನಾನು. ಈಗ ಹೇಳಿದ್ದು ಮೈಕಿನಲ್ಲಿ, ಊರ ಮುಂದೆ, ಅದೂ ಶಾಲೆಯಲ್ಲಿ ಮಾಸ್ತರರು ಬದಲಿಸಿ ಬರೆದ ಹೆಸರಲ್ಲ, ತೊಟ್ಟಿಲ ಹೆಸರು. ಧೂಳಮ್ಮಾಯಿ ಕೂತಲ್ಲಿಂದಲೇ, ಆ ಹೆಸರು ಕೂಸಿನ ಕಿವಿಯಲ್ಲಿ ಹೇಳಿದವಳು ತಾನೇ ಎಂದಳು. ಹಿಂದಿನ ಹುಡುಗರು ನಕ್ಕರು. ಅಷ್ಟರಲ್ಲಿ ನಿಮ್ಮವರು ಯಾರೋ ವೈರು ಕಿತ್ತರು.

ನೀವು ಜೀಪಿನ ಹತ್ತಿರ ನಿಂತು ನನಗೆ ಅಂದದ್ದು ನೆನಪಿದೆ. ಗಂಡನ ಹೆಸರು ಹಿಡಿದು ಕರೆದು ಮಾನ ತೆಗೆದೆ ಎಂದಿರಿ. ನಾನು ಹೇಳಿದ್ದು ಸುಳ್ಳು ಎಂದು ನೀವು ಅನ್ನಲಿಲ್ಲ. ಅದನ್ನು ನಾನು ಗಮನಿಸಿದ್ದೇನೆ. ನಿಮ್ಮ ತಾಯಿ ಕಣ್ಣು ಮುಚ್ಚುವ ತನಕ ನಿಮ್ಮನ್ನು ಹುಸೇನ್ಯಾ ಎಂದೇ ಕರೆದಳು. ನೀವು ಓ ಎನ್ನುತ್ತಿದ್ದಿರಿ. ಪಕ್ಷ ಸೇರಿದ ಮೇಲೆ ಲಾಡಿ ಹಾಕಿಕೊಳ್ಳಲು ನಿಮಗೆ ಸಂಕೋಚವಾಯಿತು. ಹರಕೆ ತಪ್ಪಬಾರದು, ಮನೆಯಲ್ಲಿ ಯಾರಾದರೂ ಒಬ್ಬರು ಹಾಕಿಕೊಳ್ಳಬೇಕು ಎಂದು ಅತ್ತೆ ಹೇಳಿದ್ದಕ್ಕೆ ನಾನು ಹಾಕಿಕೊಂಡೆ. ನಿಮ್ಮ ಆಯುಷ್ಯಕ್ಕೆಂದು ಹಾಕಿಕೊಂಡ ಲಾಡಿ ಅದು. ಅದರ ಫೋಟೋ ನೋಡಿ ನಿಮಗೇ ನಾಚಿಕೆಯಾದದ್ದಕ್ಕೆ ನನಗೆ ನೋವಾಗಿದೆ.

ನಾನು ನಿಜ ಹೇಳಿದೆನಲ್ಲ, ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮರುದಿನ ನೀರಿನ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು: ನೋಡಿದಿರಾ, ಗಂಡನ ಹೆಸರನ್ನೇ ಹೇಳಿಬಿಟ್ಟಳು, ಅದೂ ಎಂಥ ಹೆಸರು, ಮದ್ದು ಇನ್ನೂ ಇಳಿದಿಲ್ಲ. ನಾನು ಬೀಬಿಜಾನಳ ಪರವಾಗಿ ಒಂದು ಮಾತಾಡಿದರೆ ಅದು ಅವಳ ಮೇಲೆ ಇನ್ನೊಂದು ಸಾಕ್ಷಿಯಾಗುತ್ತದೆ. ಸುಮ್ಮನಿದ್ದರೆ ಸೂಗಮ್ಮನಿಗೂ ಹೌದನಿಸಿದೆ ಎನ್ನುತ್ತಾರೆ. ಎದುರು ಪಕ್ಷದವರು ಗೆದ್ದು ಗುಲಾಲು ಹಾರಿಸಿ ತಮ್ಮ ಪಾಂಪ್ಲೆಟ್ ಮರೆತರು. ನಿಮ್ಮ ಮಾತನ್ನು ಮಾತ್ರ ಊರು ಮರೆತಿಲ್ಲ. ಏಕೆಂದರೆ ಅದನ್ನು ಹೇಳಿದವರು ನೀವು, ಮನೆಯ ಯಜಮಾನರು. ಮನೆಯವರೇ ಹೇಳಿದ ಮೇಲೆ ಖರೆ ಇರಲೇಬೇಕು ಎಂದು ಗಯಾಬಾಯಿ ನನ್ನ ಎದುರಿಗೇ ಅಂದಳು.

ಹೀಗಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಶುಕ್ರವಾರದೊಳಗೆ ಬನ್ನಿ. ಅದೇ ಆಟೋ, ಅದೇ ಮೈಕು, ಹೇಳಿದ ಓಣಿಗಳಲ್ಲೇ. ತಪ್ಪಾಯಿತು ಎನ್ನುವುದು ನಿಮಗೆ ಕಷ್ಟ, ನನಗೆ ಗೊತ್ತು. ಆ ಮಾತು ಬೇಡ. ಮಲೀದಾ ನಮ್ಮ ಮನೆಯದು, ಹರಕೆ ನನ್ನದು, ಬೀಬಿಜಾನ ಏನೂ ಮಾಡಿಲ್ಲ, ಇಷ್ಟು ಅಂದರೆ ಸಾಕು. ಮುಂದಿನ ಚುನಾವಣೆಗೆ ಇದರಿಂದ ಅಡಚಣೆ ಎಂದು ಸಂಜೀವಕುಮಾರ ಹೇಳುತ್ತಾನೆ. ಇರಬಹುದು. ನಾನೂ ಲೆಕ್ಕ ಹಾಕಿ ನೋಡಿದ್ದೇನೆ, ಅಡಚಣೆಯೇ.

ನೀವು ಬರದಿದ್ದರೆ ನಾನು ತವರಿಗೆ ಹೋಗುವವಳಲ್ಲ, ಜಗಳಕ್ಕೂ ಬರುವುದಿಲ್ಲ. ಯಾವಾಗ ಬಂದರೂ ರೊಟ್ಟಿ ಬಡಿದು ಹಾಕುತ್ತೇನೆ. ಒಂದು ಮಾತ್ರ ಹೇಳಿಬಿಡುತ್ತೇನೆ. ಈಗ ನನ್ನ ಕೈಯಲ್ಲಿರುವ ಬಳೆ ಬೀಬಿಜಾನ ಇಡಿಸಿದ್ದು. ಹೊಲದ ಕೆಲಸದಲ್ಲಿ ಒಂದೊಂದೇ ಒಡೆಯುತ್ತವೆ. ಅವಳು ಊರು ಬಿಟ್ಟ ಮೇಲೆ ಬೇರೆ ಯಾರ ಕೈಯಿಂದಲೂ ನಾನು ಬಳೆ ಇಡಿಸಿಕೊಳ್ಳುವುದಿಲ್ಲ. ನೀವು ಗಟ್ಟಿಮುಟ್ಟಾಗಿ ಇರುವಾಗಲೇ ನನ್ನ ಕೈ ಬರಿದಾದರೆ, ಊರು ನಿಮ್ಮನ್ನು ಏನು ಕೇಳುತ್ತದೆ ಎಂಬುದು ನಿಮಗೆ ಬಿಟ್ಟದ್ದು.

ಆರೋಗ್ಯ ನೋಡಿಕೊಳ್ಳಿ. ಅಂಗಡಿಯಲ್ಲಿ ಗೊಬ್ಬರದ ಧೂಳಿಗೆ ನಿಮಗೆ ಕೆಮ್ಮು ಬರುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಂತಿ ನಿಮ್ಮ ಮನೆಯಾಕೆ,
ಸೂಗಮ್ಮ

ತಾ.ಕ.: ಸಹಿಯಷ್ಟೇ ನನ್ನದು. ಚುನಾವಣೆಯ ಅರ್ಜಿಗೆಂದು ನೀವೇ ಕೂತು ಕಲಿಸಿದ್ದು, ಅದೊಂದೇ ನನಗೆ ಬರೆಯಲು ಬರುವುದು. ಉಳಿದದ್ದೆಲ್ಲ ಬರೆದವಳು ಬೀಬಿಜಾನಳ ಮಗಳು ಮಹಬೂಬಿ. ಈ ಓಣಿಯಲ್ಲಿ ನಾನು ಕೇಳಿದರೆ ಇಲ್ಲ ಎನ್ನದೆ ಬರೆದುಕೊಡುವವರು ಬೇರೆ ಯಾರೂ ಉಳಿದಿಲ್ಲ. ನೀವು ಮೈಕಿನಲ್ಲಿ ಅವಳ ತಾಯಿಯ ಬಗ್ಗೆ ಆಡಿದ್ದನ್ನು ನಾನು ಹೇಳುತ್ತಾ ಹೋದೆ, ಅವಳು ತಲೆ ಎತ್ತದೆ ಬರೆದಳು. ಆದರೆ ನಾನು ಸಿಟ್ಟಿನಲ್ಲಿ ನಿಮ್ಮನ್ನು ಬೈದದ್ದು ಬಹಳ ಇತ್ತು. ಆ ಜಾಗ ಬಂದಾಗಲೆಲ್ಲ ಪೆನ್ನು ಸುಮ್ಮನಿರುತ್ತಿತ್ತು. ಓದಿಸಿ ನೋಡಿದರೆ ಒಂದೂ ಇಲ್ಲ. ಯಾಕೆ ಎಂದು ಕೇಳಿದೆ. ಅವಳು ಅಂದದ್ದನ್ನು ಅವಳ ಕೈಯಿಂದಲೇ ಇಲ್ಲಿ ಬರೆಸಿದ್ದೇನೆ, ಒಲ್ಲೆ ಎಂದರೂ ಬಿಟ್ಟಿಲ್ಲ:

“ಬ್ಯಾಡ ಕಾಕು. ಅಂಗಡ್ಯಾಗ ನಾಲ್ಕು ಮಂದಿ ಮುಂದ ಕಾಕಾ ಇದನ್ನ ಒಡೆದು ಓದ್ತಾರ. ಅವರ ಮಾನ ಹೋಗಬಾರದು.”