ಮೂಗಿನ ಪಕ್ಕದ ಸಂದು

ಆಗಸ್ಟ್ 10, ಭಾನುವಾರ. ರಾತ್ರಿ 11.40

ಪಾಪು ಈಗ ಮಲಗಿತು. ಇನ್ನೊಂದು ಗಂಟೆಗೆ ಮತ್ತೆ ಏಳುತ್ತದೆ. ಅಷ್ಟರೊಳಗೆ ನಿದ್ದೆ ಮಾಡಬೇಕು ಅನ್ನುವ ಗಡಿಬಿಡಿಗೇ ನಿದ್ದೆ ಬರುವುದಿಲ್ಲ.

ಇವತ್ತೂ ತೀರ್ಥಹಳ್ಳಿಯಲ್ಲಿ ಬ್ರೈನ್ ಕ್ಲಾಸ್. ಭಾನುವಾರ ಬಂತೆಂದರೆ ಇವರು ಲಿಖಿತಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಿಪ್ಪನ್‌ಪೇಟೆಯಿಂದ ಅಲ್ಲಿಗೆ ಹೋಗಿಬರುತ್ತಾರೆ. ಏಳು ವರ್ಷದ ಮಗು. ವಾಪಸು ಬರುವಾಗ ತೂಕಡಿಸಿ ಬಿದ್ದರೆ… ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತೇನೆ.

ಸಂಜೆ ಮನೆಯಲ್ಲಿ ಡೆಮೊ. ಕಣ್ಣಿಗೆ ಕಪ್ಪು ಪಟ್ಟಿ, ಕೈಗೆ ಕಥೆಪುಸ್ತಕ. ಲಿಖಿತಾ ಗಲ್ಲ ಸ್ವಲ್ಪ ಮೇಲೆತ್ತಿದಳು. ಹಾಳೆ ಮೂಸಿದಳು. ಬೆರಳಾಡಿಸಿದಳು. ಓದಿಯೇಬಿಟ್ಟಳು — "ನರಿಗೆ ಬಾಯಾರಿಕೆಯಾಯಿತು." ಅತ್ತೆ ಕೂತಲ್ಲೇ ಕೈಮುಗಿದರು.

"ಎಂತ ಮಾರಾಯ್ತಿ ಇದು! ದೇವ್ರೇ ಒಳಗೆ ಕೂತು ಓದ್ಸಿದ ಹಂಗೆ."

"ದೇವ್ರಲ್ಲಮ್ಮ, ಸೈನ್ಸ್," ಅಂದರು ಇವರು. "ಮಿದುಳಿನ ಮಧ್ಯಭಾಗ ಆ್ಯಕ್ಟಿವೇಟ್ ಮಾಡೋದು. ಜಪಾನ್ ಮಕ್ಕಳೆಲ್ಲ ಹಿಂಗೇ ಓದೋದಂತೆ."

ಚಪ್ಪಾಳೆ. ಲಿಖಿತಾ ಪಟ್ಟಿ ತೆಗೆದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನೋಡಿ ಬಹಳ ದಿನವಾಗಿತ್ತು. ಪಾಪು ಹುಟ್ಟಿದ ಮೇಲೆ ಈ ಮನೆಯಲ್ಲಿ ಅವಳಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ.

ಆಮೇಲೆ ಪಟ್ಟಿಯನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ ನಾನೇ ಬಿಗಿಯಾಗಿ ಕಟ್ಟಿಕೊಂಡೆ. ಮೊದಲು ಕತ್ತಲೆ. ಗಲ್ಲ ಎತ್ತಿದೆ. ಮೂಗಿನ ಎರಡೂ ಪಕ್ಕ ಸಂದು. ನನ್ನ ಕಾಲ್ಬೆರಳು ಕಂಡವು, ಬಕೆಟ್ ಕಂಡಿತು, ಸೋಪಿನ ಮೇಲಿನ ಹೆಸರೂ ಕಂಡಿತು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಇದಕ್ಕೆ ನನ್ನ ಬಿಎಸ್ಸಿ ಬೇಡ, ಶಾಲೆಯ ಪುಸ್ತಕ ಸಾಕು.

ಇವರಿಗೆ ಹೇಳಿದೆ. "ನಿಂಗೆ ಎಲ್ಲದ್ರಲ್ಲೂ ಡೌಟು. ಮಗಳು ಮುಂದೆ ಬರೋದು ಬೇಡ್ವನೇ?"

ಸಿಸಿಟಿವಿ ಅಂಗಡಿ ಇಟ್ಟುಕೊಂಡಿರುವ ಮನುಷ್ಯ ಇವರು. ಏಣಿ ಹತ್ತಿ ಕ್ಯಾಮೆರಾವನ್ನು ಒಂದಿಷ್ಟು ಆಚೆ ಈಚೆ ತಿರುಗಿಸಿ, ಯಾವ ಮೂಲೆಯಿಂದ ಏನು ಕಾಣುತ್ತದೆ ಎಂದು ಊರಿಗೆಲ್ಲ ಹೇಳಿಕೊಡುತ್ತಾರೆ.

ಆಗಸ್ಟ್ 15

ಶಾಲೆಯಲ್ಲಿ ಧ್ವಜ ಹಾರಿಸಿ ಲಾಡು ಕೊಟ್ಟ ಮೇಲೆ 'ವಿಶೇಷ ಪ್ರದರ್ಶನ'. ಲಿಖಿತಾಳದು. ಬ್ರೈನ್ ಕ್ಲಾಸಿನ ದೀಪಕ್ ಸರ್ ಟೈ ಕಟ್ಟಿಕೊಂಡು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಭಾಷಣ ಮಾಡಿದ.

"ಚೀನಾ ನಮಗಿಂತ ಎಷ್ಟು ಮುಂದಿದೆ ಗೊತ್ತಾ? ಚಿಪ್ ಅವರದು, ಬ್ಯಾಟರಿ ಅವರದು. ನಮ್ಮ ಹತ್ರ ಏನಿದೆ? ಬ್ರೈನ್ ಇದೆ! ಇಂಡಿಯಾ ನಂಬರ್ ಒನ್ ಆಗೋದು ಈ ಮಕ್ಕಳಿಂದ."

ಕಾಲರ್ ಮೈಕೂ ಚೀನಾದ್ದೇ. ಇವರೇ ತರಿಸಿಕೊಟ್ಟದ್ದು.

ಮುಖ್ಯ ಅತಿಥಿ ಇಂದ್ರಕುಮಾರ ಸರ್. ಅವರನ್ನು ನೋಡಿ ಎದೆ ಹಗುರಾಯಿತು. ಸಾಗರದ ಕಾಲೇಜಿನಲ್ಲಿ ನನಗೆ ಆಪ್ಟಿಕ್ಸ್ ಕಲಿಸಿದವರು. ರೀಡಿಂಗ್ ತಿದ್ದಿ ಬರೆದಿದ್ದು ಕಂಡರೆ ಇಡೀ ಪ್ರಾಕ್ಟಿಕಲ್ ಮತ್ತೆ ಮಾಡಿಸುತ್ತಿದ್ದರು. "ಕಂಡದ್ದು ಬರಿ. ಬರಬೇಕಾದ್ದು ಬರೀಬೇಡ." ಸರ್ ಹಿಡಿಯುತ್ತಾರೆ, ಇನ್ನು ಮುಗಿಯಿತು ಎಂದುಕೊಂಡೆ.

ಲಿಖಿತಾ ಪೇಪರಿನ ಹೆಡ್ಡಿಂಗ್ ಓದಿದಳು. ಸರ್ ಎದ್ದು ನಿಂತು ಚಪ್ಪಾಳೆ ಹೊಡೆದರು. "ಆಧುನಿಕ ವಿಜ್ಞಾನಕ್ಕೆ ನಿಲುಕದ್ದು ನಮ್ಮ ಹಿರಿಯರಿಗೆ ತಿಳಿದಿತ್ತು" ಎಂದರು, ಮೈಕಿನಲ್ಲಿ.

ಕೆಳಗಿಳಿದಾಗ ಅಡ್ಡ ಹೋಗಿ ನಿಂತೆ. "ಸರ್, ಮೂಗಿನ ಪಕ್ಕ ಸಂದಿದೆ."

"ಗೊತ್ತಮ್ಮ ಸುಚಿತ್ರಾ. ನಂಗೆ ಅಷ್ಟೂ ಗೊತ್ತಾಗಲ್ವಾ?" ದನಿ ತಗ್ಗಿಸಿದರು. "ಕರೆದು ಶಾಲು ಹೊದಿಸಿದಾರೆ. ಎದ್ದು ನಿಂತು ಸುಳ್ಳು ಅನ್ನೋಕಾಗುತ್ತಾ? ಮಗು ಖುಷಿಯಾಗಿದೆ, ಇರ್ಲಿ ಬಿಡು."

ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟಿಲ್ಲ. ಇವತ್ತಿನಿಂದ ಇಲ್ಲ.

ಆಗಸ್ಟ್ 20. ಮಧ್ಯಾಹ್ನ

ಪಾಪು ಮಲಗಿದ್ದಾಗ, ಬ್ರೈನ್ ಕ್ಲಾಸಿನ ಮೇಲೆ ದೂರು ಕೊಡಲು ಆಫೀಸುಗಳಿಗೆ ಫೋನ್ ಮಾಡಿದೆ. ಶಿಕ್ಷಣದವರು: "ಅದಕ್ಕೆ ಸಿಲಬಸ್ ಇದ್ಯಾ ಮೇಡಂ? ಇಲ್ವಲ್ಲ. ನಮ್ಗೆ ಬರಲ್ಲ ಅದು." ಆರೋಗ್ಯದವರು: "ಮಾತ್ರೆ, ಇಂಜೆಕ್ಷನ್ ಏನಾದ್ರೂ ಕೊಡ್ತಾರಾ? ಇಲ್ಲ ಅಂದ್ರೆ ನಮ್ದಲ್ಲ." ಪೊಲೀಸಿನವರು: "ನಿಮ್ಮ ಯಜಮಾನ್ರೇ ಸೇರ್ಸಿದ್ದಲ್ವಾ? ಅವ್ರನ್ನೇ ಕಳ್ಸಿ."

ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಗೆ ಲೈಸೆನ್ಸ್ ಬೇಕು. ಗೋಬಿಗೆ ಕೆಂಪು ಬಣ್ಣ ಹಾಕಬಾರದೆಂದು ಸರ್ಕಾರವೇ ಹೇಳಿತು. ಆಟೋಗೆ ಪರ್ಮಿಟ್. ಮಗುವಿನ ಮಿದುಳಿಗೆ ಕೈ ಹಾಕುತ್ತೇನೆಂದು ಬೋರ್ಡ್ ಬರೆಸುವುದಕ್ಕೆ ಮಾತ್ರ ಏನೂ ಬೇಡ. ಬಣ್ಣ ಬರೆಯುವವನೊಬ್ಬ ಸಿಕ್ಕರೆ ಆಯಿತು.

ರಾಕೆಟ್ ಹಾರಿದ ದಿನ ಎಲ್ಲರ ಸ್ಟೇಟಸ್ಸಿನಲ್ಲೂ ರಾಕೆಟ್. ಲಿಖಿತಾಳ ಶಾಲೆಯ ಮೈಕ್ರೋಸ್ಕೋಪ್ ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಕೂತಿದೆ. ಮಕ್ಕಳು ಮುಟ್ಟಿದರೆ ಹಾಳು ಮಾಡುತ್ತಾರಂತೆ. ಚೀನಾದ ಜೊತೆ ಪೈಪೋಟಿಯಂತೆ. ಪ್ಲಾಸ್ಟಿಕ್ ಬಿಚ್ಚದೆ.

ಆಗಸ್ಟ್ 31, ಭಾನುವಾರ

ಪೇರೆಂಟ್ಸ್ ಮೀಟಿಂಗ್. ಪಾಪುವನ್ನು ಎತ್ತಿಕೊಂಡು ನಾನೂ ತೀರ್ಥಹಳ್ಳಿಗೆ ಹೋದೆ. ಎಲ್ಲರೆದುರೇ ಕೇಳಿದೆ — ಸಂದಿಗೆ ಹತ್ತಿ ಇಟ್ಟು ಕಟ್ಟಿದರೆ ಮಕ್ಕಳು ಓದುತ್ತಾರಾ?

ದೀಪಕ್ ನಕ್ಕ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ಮೇಡಂ, ನೆಗೆಟಿವ್ ಎನರ್ಜಿ ಇರೋ ಕಡೆ ಮಿಡ್‌ಬ್ರೇನ್ ಓಪನ್ ಆಗಲ್ಲ. ಮಗು ಓದ್ಲಿಲ್ಲ ಅಂದ್ರೆ ಅದು ತಾಯಿಯ ಡೌಟಿಂದ."

ಓದಿದರೆ ಅವನ ಗೆಲುವು. ಓದದಿದ್ದರೆ ನನ್ನ ತಪ್ಪು. ಉಳಿದ ತಾಯಂದಿರು ನನ್ನ ಕಡೆ ತಿರುಗಿ ನೋಡಿದರು, ಪಾಪ ಅನ್ನುವ ಹಾಗೆ.

"ಮರ್ಯಾದೆ ತೆಗ್ದೆ," ಅಂದರು ಇವರು, ಬಸ್‌ಸ್ಟ್ಯಾಂಡಿನಲ್ಲಿ. ಆಮೇಲೆ — "ಪಿಯುಸಿಲಿ ಸೈನ್ಸ್ ತಗೊಂಡು ಕೈಲಾಗ್ದೆ ಬಿಟ್ಟೋನು ನಾನು. ಮೇಷ್ಟ್ರು ಎಂತ ಹೇಳ್ತಿದಾರೆ ಅಂತ್ಲೇ ತಿಳೀತಿರ್ಲಿಲ್ಲ. ಹಿಂದಿನ ಬೆಂಚಲ್ಲಿ ಕೂತು ತಲೆ ಆಡಿಸ್ತಿದ್ದೆ. ಇವ್ಳಿಗೆ ಹಂಗಾಗ್ಬಾರ್ದು ಕಣೆ."

ಬಸ್ಸು ಬಂತು.

ಸೆಪ್ಟೆಂಬರ್ 14

ಸರಿಯಾಗಿ ಬರೆಯಬೇಕು. ಕಂಡದ್ದು ಕಂಡ ಹಾಗೆ.

ಇವರೂ ಅತ್ತೆಯೂ ಗೃಹಪ್ರವೇಶಕ್ಕೆ ಹೋಗಿದ್ದರು. ಲಿಖಿತಾಳನ್ನು ಕೂರಿಸಿ ಪಟ್ಟಿ ಕಟ್ಟಿದೆ. ಎರಡೂ ಸಂದಿಗೆ ಹತ್ತಿ. ಓದಲಾಗಲಿಲ್ಲ. ಗೊತ್ತಿದ್ದದ್ದೇ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಇವರಿಗೆ ತೋರಿಸಲು. ಗೆದ್ದೆ ಅನ್ನಿಸಿತು.

ಪೂರ್ತಿ ಆಗಲಿ ಎಂದು ಬಲಗಡೆಯ ಹತ್ತಿ ತೆಗೆದೆ. ಸರಸರ ಓದಿದಳು. ಅದನ್ನು ಮುಚ್ಚಿ ಎಡಗಡೆಯದು ತೆಗೆದೆ.

ಓದಲಿಲ್ಲ.

"ಗಲ್ಲ ಎತ್ತು ಮಗಾ."

"ಎತ್ತಿದೀನಲ್ಲ. ಆ ಕಡೆದು ಬೇಡ ಅಮ್ಮ. ಆ ಕಡೆ ಸಂದಲ್ಲಿ ಬರೀ ಮಂಜು."

ಪಟ್ಟಿ ಕಿತ್ತು ಬಿಸಾಡಿದೆ. ಬಲಗಣ್ಣನ್ನು ನನ್ನ ಅಂಗೈಯಲ್ಲಿ ಮುಚ್ಚಿ ಕ್ಯಾಲೆಂಡರ್ ತೋರಿಸಿದೆ. ಅಂಗೈಯಷ್ಟು ದೊಡ್ಡ ಅಂಕಿ. "ಏನೋ ಕೆಂಪಗೆ ಇದೆ," ಅಂದಳು.

ಲೋಟಕ್ಕೆ ನೀರು ಹಾಕುವಾಗ ಪಕ್ಕಕ್ಕೆ ಸುರಿಯುತ್ತಾಳೆಂದು ಬೈಯುತ್ತಿದ್ದೆ. ಮೆಟ್ಟಿಲಲ್ಲಿ ಎಡವುತ್ತಾಳೆ, ಗಮನವಿಲ್ಲ ಎಂದು ಬೈಯುತ್ತಿದ್ದೆ.

ಸೆಪ್ಟೆಂಬರ್ 16

"ಕಣ್ಣು ಕಟ್ಕೊಂಡು ಓದೋಳಿಗೆ ಕಣ್ಣಾಸ್ಪತ್ರೆ ಎಂತಕ್ಕೆ?" — ಅತ್ತೆ.

ಇವರು ದೀಪಕ್‌ಗೆ ಫೋನ್ ಮಾಡಿದರು. ಅವನಿಗೆ ಎಲ್ಲದಕ್ಕೂ ಉತ್ತರವಿದೆ. ಎಡಗಣ್ಣಿನ ಬ್ರೈನ್ ಇನ್ನೂ ಓಪನ್ ಆಗಿಲ್ಲ, ಲೆವೆಲ್ ಟೂ ಮಾಡಿಸಿ, ಸರಿಹೋಗುತ್ತದೆ. ಕನ್ನಡಕ ಮಾತ್ರ ಹಾಕಿಸಬೇಡಿ, ಬಂದ ಶಕ್ತಿ ಹೋಗುತ್ತದೆ.

"ಲೆವೆಲ್ ಟೂ ಮುಗೀಲಿ, ಆಮೇಲೆ ನೋಡಣ," ಅಂದರು ಇವರು. ರೆಕಾರ್ಡ್ ಮಾಡಿದ್ದನ್ನು ತೋರಿಸಿದೆ. "ನೀನು ಎದ್ರಿಗೆ ಇದ್ದೆ, ಅದ್ಕೇ ಓದಿಲ್ಲ."

ಶನಿವಾರ ಹೋಗುತ್ತೇನೆ. ಯಾರನ್ನೂ ಕೇಳುವುದಿಲ್ಲ.

ಸೆಪ್ಟೆಂಬರ್ 20

ಪಾಪುವನ್ನು ಕಂಕುಳಲ್ಲಿ, ಅವಳನ್ನು ಕೈಯಲ್ಲಿ ಹಿಡಿದು ಸಾಗರಕ್ಕೆ ಬಸ್ಸು. ಆನಂದಪುರದಲ್ಲಿ ಲಿಖಿತಾ ವಾಂತಿ ಮಾಡಿಕೊಂಡಳು.

ಡಾಕ್ಟರಮ್ಮ ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಬಲಗಣ್ಣು ಸರಿ. ಎಡಗಣ್ಣಿಗೆ ಚಿಕ್ಕಂದಿನಿಂದಲೂ ಜಾಸ್ತಿ ನಂಬರ್. ಲೇಜಿ ಐ.

"ಈಗ ಇದು ಕಣ್ಣಿನ ತೊಂದರೆಗಿಂತ ಮಿದುಳಿಂದು. ಆ ಕಣ್ಣು ಕಳ್ಸೋ ಚಿತ್ರ ಮಸುಕು ಅಂತ ಮಿದುಳು ಅದನ್ನ ತಗೊಳ್ಳೋದೇ ಬಿಟ್ಟಿದೆ. ಕನ್ನಡಕ ಹಾಕಿ, ಒಳ್ಳೆ ಕಣ್ಣಿಗೆ ದಿನಾ ಪ್ಯಾಚ್ ಅಂಟಿಸಿ. ಎಡಗಣ್ಣಲ್ಲೇ ಓದ್ಲಿ, ಬರೀಲಿ. ಮೊದ್ಲೇ ಬರ್ಬೇಕಿತ್ತಲ್ಲಮ್ಮ. ಬೆಳೀತಾ ಬೆಳೀತಾ ಮಿದುಳು ಕಲಿಯಲ್ಲ. ಇನ್ನೊಂದು ವರ್ಷ ಬಿಟ್ಟಿದ್ರೆ ಆ ಕಣ್ಣಿನ ಆಸೆ ಬಿಡ್ಬೇಕಿತ್ತು."

ಮಿದುಳಂತೆ. ನಿಜಕ್ಕೂ ಮಿದುಳೇ. ಚಂದ್ರನ ಮೇಲೆ ಇಳಿದೆವು. ಒಂದು ಮಗುವಿನ ಎರಡು ಕಣ್ಣನ್ನು ಬೇರೆ ಬೇರೆ ಮುಚ್ಚಿ ನೋಡಲಿಲ್ಲ, ಯಾರೂ. ಬಿಎಸ್ಸಿ ಓದಿದ ನಾನೂ.

ಅಕ್ಟೋಬರ್ 5

ಬರೆಯಲು ಪುರುಸೊತ್ತಿಲ್ಲ. ಪ್ಯಾಚ್ ಅಂಟಿಸಿದರೆ ಕೂಗಾಟ. ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. "ಬ್ರೈನ್ ಕ್ಲಾಸೇ ಚೆನ್ನಾಗಿತ್ತು, ಅಲ್ಲಿ ಎಲ್ಲ ಬರ್ತಿತ್ತು," ಅನ್ನುತ್ತಾಳೆ. ಅತ್ತೆ ಆ ಮಾತು ನನಗೆ ಕೇಳಲೆಂದು ಇನ್ನೊಂದು ಸಲ ಹೇಳಿಸುತ್ತಾರೆ. ನಾನು ಸಾಗರಕ್ಕೆ ಹೋಗಿ ಬಂದದ್ದಕ್ಕೆ ಇವರು ಮಾತು ಬಿಟ್ಟಿದ್ದರು. ನಿನ್ನೆ ಹೇಳಿದರು — ಎರಡು ತಿಂಗಳು ನೋಡುತ್ತಾರಂತೆ. ಆಗದಿದ್ದರೆ ಲೆವೆಲ್ ಟೂ.

ನವೆಂಬರ್ 9, ಭಾನುವಾರ

ಓದುತ್ತಿದ್ದಾಳೆ!!

ಗೋಡೆಗೆ ನಾನೇ ಬರೆದು ಅಂಟಿಸಿದ ಚಾರ್ಟು. ಮೊದಲ ವಾರ ಮೇಲಿನ ದೊಡ್ಡ ಅಕ್ಷರವೂ ಇಲ್ಲ. ಆಮೇಲೆ ಒಂದೊಂದೇ ಸಾಲು. ಇವತ್ತು ಕೊನೆಯ ಸಾಲು, ಪ್ಯಾಚ್ ಹಾಕಿಕೊಂಡು, ಪಟಪಟ. ಎತ್ತಿ ಕುಣಿಸಿದೆ. ಇವರೂ ವಿಡಿಯೊ ಮಾಡಿಕೊಂಡರು. "ನೀನು ಹೇಳಿದ್ದೇ ಸರಿ ಸುಚಿ," ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ಚಪ್ಪಾಳೆ ಹೊಡೆದೂ ಹೊಡೆದೂ ನನ್ನ ಅಂಗೈ ಕೆಂಪಾಯಿತು.

ಇವತ್ತು ನಿದ್ದೆ ಮಾಡುತ್ತೇನೆ.

ನವೆಂಬರ್ 22. ಸಂಜೆ

ಸಾಗರಕ್ಕೆ ಎಲ್ಲರೂ ಹೋಗಿದ್ದೆವು. ಡಾಕ್ಟರಮ್ಮ ಬಲಗಣ್ಣಿಗೆ ದಪ್ಪ ಹತ್ತಿ ಇಟ್ಟು, ಕೈಯಲ್ಲಿ ಒತ್ತಿ ಹಿಡಿದು ಕೇಳಿದರು. ಲಿಖಿತಾಳಿಗೆ ಮೇಲಿನ ದೊಡ್ಡ ಅಕ್ಷರವೂ ಬರಲಿಲ್ಲ. ಮೊದಲ ದಿನ ಎಷ್ಟಿತ್ತೋ ಅಷ್ಟೇ. ಒಂದು ಸಾಲೂ ಮುಂದೆ ಹೋಗಿಲ್ಲ.

"ಪ್ಯಾಚ್ ಹಾಕ್ತಿದೀರಾ, ನಿಜವಾಗ್ಲೂ?"

"ದಿನಾ ಹಾಕ್ತಾಳೆ ಮೇಡಂ, ನೋಡಿ ಬೇಕಾದ್ರೆ," ಎಂದು ಇವರು ನನ್ನ ಪರವಾಗಿ ವಿಡಿಯೊ ತೆಗೆದು ತೋರಿಸಿದರು. ತೋರಿಸುತ್ತಲೇ ಕೈ ನಿಂತಿತು. ಅಂಗಡಿಗೆ ಬಂದವರಿಗೆ ಕಳ್ಳನನ್ನು ತೋರಿಸುವಾಗ ಮಾಡುವ ಹಾಗೆ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ನನ್ನ ಕಡೆ ತಿರುಗಿಸಿದರು.

ಗಲ್ಲ ಮೇಲೆ. ಪ್ಯಾಚಿನ ಅಂಚು, ಮೂಗಿನ ಪಕ್ಕ, ಸ್ವಲ್ಪ ಎದ್ದಿದೆ.

ಇವರು ಅವಳ ಮುಂದೆ ಮೊಣಕಾಲೂರಿ ಕೂತರು. "ಎಲ್ಲಿಂದ ನೋಡ್ತಿದ್ದೆ ಮಗಾ?"

"ಇಲ್ಲಿಂದ." ಬೆರಳಿಟ್ಟು ತೋರಿಸಿದಳು. "ಕ್ಲಾಸಲ್ಲಿ ಮಾಡ್ತಿದ್ದೆ ಅಲ್ಲ, ಹಂಗೇ. ನಿಂಗೆ ಗೊತ್ತಿರ್ಲಿಲ್ವಾ ಅಪ್ಪ? ಚಪ್ಪಾಳೆ ಹೊಡೀತಿದ್ಯಲ್ಲ! ಅಮ್ಮಂಗೆ ಗೊತ್ತು."

ಹೌದು, ನನಗೆ ಗೊತ್ತಿತ್ತು. ಸಂದು ಎಲ್ಲಿದೆ, ಎಷ್ಟಿದೆ, ಬೆಳಕು ಹೇಗೆ ಬರುತ್ತದೆ, ಎಲ್ಲ ಗೊತ್ತಿತ್ತು. ಇಂದ್ರಕುಮಾರ ಸರ್‌ಗೆ ಗೊತ್ತಿದ್ದಷ್ಟೇ. ಅವರು ಹೊಡೆದ ಚಪ್ಪಾಳೆಯನ್ನೇ ನಾನೂ ಹೊಡೆದೆ.

ಬಸ್ಸಿನಲ್ಲಿ ಇವರು, ಆನಂದಪುರ ದಾಟಿದ ಮೇಲೆ ಫೋನ್ ತೆಗೆದು ವಿಡಿಯೊಗಳನ್ನೆಲ್ಲ ಅಳಿಸಿದರು. ಪಟ್ಟಿಯವು, ಪ್ಯಾಚಿನವು, ಎಲ್ಲ.

ಮನೆಗೆ ಬಂದು ಹೊಸ ಪ್ಯಾಚ್ ಅಂಟಿಸಿದೆ. ಮೂಗಿನ ಪಕ್ಕಕ್ಕೆ ಹತ್ತಿ, ಮೇಲೆ ಟೇಪು. ಚಾರ್ಟಿನ ಎದುರು ಕೂರಿಸಿದೆ. ಎಲ್ಲಕ್ಕಿಂತ ದೊಡ್ಡ ಅಕ್ಷರದ ಮೇಲೆ ಕೈಯಿಟ್ಟೆ. ಗಲ್ಲ ಎತ್ತಿದಳು. ಏನೂ ಸಿಗಲಿಲ್ಲ. ಇನ್ನೂ ಎತ್ತಿದಳು.

"ಯಾವ್ದು ಹೇಳಿದ್ರೆ ಸರಿ ಅಮ್ಮ?"

"ಕಂಡದ್ದು ಹೇಳು ಮಗಾ. ಕಾಣ್ದಿದ್ರೆ ಕಾಣಲ್ಲ ಅನ್ನು. ಅದೇ ಸರಿ."

ಬಹಳ ಹೊತ್ತು ನನ್ನ ಮುಖದ ಕಡೆಗೇ ನೋಡಿದಳು. ಆ ಮಂಜಿನ ಕಣ್ಣಿಗೆ ನಾನು ಎಷ್ಟು ಕಂಡೆನೋ. ಆಮೇಲೆ ನಕ್ಕಳು.

"ಎಲ್ಲಾ ಕಾಣ್ತದೆ ಅಮ್ಮ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಚಪ್ಪಾಳೆ ಹೊಡೆದರು. ಲಿಖಿತಾ ಆ ಸದ್ದಿನ ಕಡೆ ತಿರುಗಿ ಗಲ್ಲ ಎತ್ತಿದಳು.