ನೀರಿನಲ್ಲಿ ತೇಲಿದ ನೆಲ

ಪರೀಕ್ಷಾ ಕೊಠಡಿ,
ಸೋಮವಾರ ಬೆಳಿಗ್ಗೆ

ರೀ,

ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ ಎಂದರೆ ಕೇಳುವವರಲ್ಲ ನೀವು, ಆದರೂ ಹೇಳುವುದು ನನ್ನ ಚಾಳಿ. ಆ ಸುರಂಗದ ಕೆಲಸದ ಕಡೆ ಫೋನ್ ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಾನೂ ಪುಟ್ಟಿಯೂ ಚೆನ್ನಾಗಿದ್ದೇವೆ. ನೀವು ಹಾಕಿಹೋದ ನೆಲವೂ ಚೆನ್ನಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇನ್ನು ಸಮಾಧಾನವಾಗಿ ಓದಿ.

ಶಿಶುವಿಹಾರದ ಮಹಡಿಗೆ ನೀವು ಹಾಕಿಸಿದ ನೊರೆ ಕಾಂಕ್ರೀಟಿನಿಂದಲೇ ಪರೀಕ್ಷೆಗೆಂದು ಅಚ್ಚಿಗೆ ತುಂಬಿಟ್ಟ ಕ್ಯೂಬುಗಳನ್ನು ಹೋದ ವಾರ ಬಲ ಅಳೆಯುವ ಯಂತ್ರಕ್ಕಿಟ್ಟೆ. ಒಡೆಯಲು ಒಪ್ಪಲೇ ಇಲ್ಲ. ಬೇಕಾದದ್ದರ ಎರಡರಷ್ಟು ಬಲ! ನಮ್ಮ ಸಾಹೇಬರು ಹಿರಿಹಿರಿ ಹಿಗ್ಗಿ, "ನಿಮ್ಮ ಯಜಮಾನ್ರು ಬಿಡಮ್ಮ, ಕಲ್ಲನ್ನೇ ಎರಕ ಹೊಯ್ದಿದಾರೆ" ಎಂದರು. ನಾನು ಮಾತ್ರ ಒಂದು ಕ್ಯೂಬನ್ನು ತಕ್ಕಡಿಗೆ ಎತ್ತಿಟ್ಟೆ. ಹಗುರ ಕಾಂಕ್ರೀಟ್ ಅಷ್ಟು ಗಟ್ಟಿಯಾಯಿತೆಂದರೆ ಒಳಗಿನ ಗಾಳಿಗುಳ್ಳೆಗಳು ಒಡೆದಿವೆ, ಅದು ಹಗುರವಾಗಿ ಉಳಿದಿಲ್ಲ ಎಂದೇ ಅರ್ಥ. ತೂಗಿದರೆ ಹೌದು, ಹೆಣಭಾರ. ನೆಲವೂ ಇಷ್ಟೇ ಭಾರವಿದ್ದರೆ ಆ ಹಳೇ ತೊಲೆಗಳು ತಡೆಯುವುದಿಲ್ಲ. ತೊಲೆಗಳ ಕೆಳಗೆ ಆಡುವ ಮಕ್ಕಳಲ್ಲಿ ನಮ್ಮ ಪುಟ್ಟಿಯೂ ಒಬ್ಬಳು. ಅಂದೇ ಶಿಶುವಿಹಾರ ಮುಚ್ಚಿಸಿದೆ. ಮಕ್ಕಳನ್ನು ಎಲ್ಲಿ ಬಿಡುವುದೆಂದು ತಾಯಂದಿರೆಲ್ಲ ನನಗೆ ಹಿಡಿಶಾಪ ಹಾಕಿದರು.

ನೊರೆ ಕಡಿಮೆಯಾಯಿತೋ, ಸಿಮೆಂಟ್ ಹೆಚ್ಚಾಯಿತೋ, ಯಂತ್ರವೇ ಸುಳ್ಳು ಹೇಳುತ್ತಿದೆಯೋ ಎಂದು ಒಂದೊಂದನ್ನೇ ನೋಡಿ ತಲೆ ಕೆಟ್ಟುಹೋಯಿತು. ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಗೆ ಸುಳಿವು ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲಿ. ಚಹಾ ಮಾಡೋಣವೆಂದರೆ ಸಕ್ಕರೆ ಡಬ್ಬಿಗೆ ಚಮಚ ಇಳಿಯಲೊಲ್ಲದು. ಹೊರಡುವ ಮುಂಚೆ ಅದನ್ನು ತುಂಬಿಸಿಟ್ಟವರು ನೀವು! ಡಬ್ಬಿಯಿರಲಿ, ಪೆಟ್ಟಿಗೆಯಿರಲಿ, ಕುಟ್ಟಿ ಕುಟ್ಟಿ ತುಂಬದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ. ಒಲೆ ಆರಿಸಿ, ಮಹಡಿಗೆ ಕಾಂಕ್ರೀಟ್ ಹಾಯಿಸಿದ ಪಂಪಿನವನಿಗೆ ಫೋನ್ ಮಾಡಿ, ಕ್ಯೂಬುಗಳನ್ನೂ ಹೀಗೇ ಕುಟ್ಟಿ ತುಂಬಿದರೇ ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ಹೌದಕ್ಕಾ, ಬೇಡ ಅಂದ್ರೂ ಅಣ್ಣ ಸಲಾಕೆ ತಗೊಂಡು ಕ್ಯೂಬನ್ನ ಕುಟ್ಟಿದ್ದೇ ಕುಟ್ಟಿದ್ದು. ಇಳಿದಷ್ಟೂ ಮತ್ತೆ ತುಂಬಿದ್ರು. ನೆಲ ಮಾತ್ರ ಪೈಪಿಂದ ತಾನಾಗೇ ಹರಡ್ಕೊಳ್ತು, ಯಾರೂ ಮುಟ್ಟಿಲ್ಲ" ಎಂದ. ಕುಟ್ಟಿಯೇ ತುಂಬಬೇಕಾದ ಮಾಮೂಲಿ ಕಾಂಕ್ರೀಟಿನಲ್ಲಿ ಪಳಗಿದ ಕೈ, ಸುಮ್ಮನಿರುತ್ತದೆಯೇ? ಪಾಪ, ಕ್ಯೂಬಿನೊಳಗಿನ ನೊರೆಗೆ ಆ ಪ್ರೀತಿ ತಡೆಯಲಾಗಲಿಲ್ಲ.

ಆದರೂ ಬಾಯಿಮಾತು ನಂಬಿ ಕೂರಲಾದೀತೇ? ನೆಲದ ಮೂರ್ನಾಲ್ಕು ಕಡೆ ಕೊರೆಸಿ ತುಂಡು ತೆಗೆಸಿದೆ. ಬಲ ಬೇಕಾದಷ್ಟೇ ಬಂತು, ತೂಕವೂ ಅಷ್ಟೇ. ಸಾಹೇಬರಿಗೆ ತೋರಿಸಲೆಂದು ನಿಮ್ಮ ಕ್ಯೂಬು ಒಂದನ್ನೂ ನೆಲದ ತುಂಡೊಂದನ್ನೂ ಬಕೆಟ್ಟಿನ ನೀರಿಗೆ ಬಿಟ್ಟೆ. ಕ್ಯೂಬು ಗುಳುಂ ಎಂದು ತಳ ಸೇರಿತು. ತುಂಡು ಒಮ್ಮೆ ಮುಳುಗಿ, ಎದ್ದು, ತೇಲಿತು. ಎಲ್ಲರೆದುರಿಗೇ ಅತ್ತುಬಿಟ್ಟೆ ಕಣ್ರೀ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಲಾಕೆಯಿಂದ ದೂರವಿರಿ.

ನಿಮ್ಮ,
ಸಕ್ಕರೆ ಕೆರೆದು ಕೈಸೋತವಳು

ಮರೆತಿದ್ದೆ: ಶಿಶುವಿಹಾರ ಇವತ್ತು ಮತ್ತೆ ತೆರೆಯಿತು. ತಾಯಂದಿರೆಲ್ಲ ಮಕ್ಕಳ ಕೈ ಬಿಗಿಯಾಗಿ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಒಬ್ಬರೂ ಒಳಗೆ ಹೋಗಲಿಲ್ಲ. ನಾನು ಪುಟ್ಟಿಯನ್ನು ಎತ್ತಿಕೊಂಡು ಹೋಗಿ, ನಿಮ್ಮ ನೆಲದ ಕೆಳಗೆ, ಕೋಣೆಯ ನಟ್ಟನಡುವೆ ಕೂರಿಸಿ ಬಂದೆ. ಆಮೇಲೆ ಉಳಿದ ಮಕ್ಕಳೂ ಒಂದೊಂದಾಗಿ ಒಳಗೆ ಹೋದವು.