ಎಂಟು ಬಾಲ್ಕನಿಗಳ ಎದುರಿನ ತಗಡು

ವೋಲೊಸ್,
ಜುಲೈ ಹನ್ನೊಂದು, ಮಂಗಳವಾರ

ತಮ್ಮಾ ಸ್ಟ್ರಾಟೋಸ್,

ಹೇಗಿದ್ದೀಯಪ್ಪ? ಮಂಡಿಯ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಲಿಕ್ಕೆ ಆಗುತ್ತಿದೆಯೇ? ಸ್ಟುಟ್‌ಗಾರ್ಟಿನಲ್ಲಿ ಬೇಸಗೆಯಲ್ಲೂ ಮಳೆಯಂತೆ, ಥಂಡಿ ತಾಗಿಸಿಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವನ್ನಾದರೂ ಮಧ್ಯದಲ್ಲಿ ಕಟ್ ಮಾಡಲಾರೆ ಎಂದು ಪೆನ್ನು ಹಿಡಿದೆ.

ಅಪ್ಪನ ಬಯಲು ಸಿನಿಮಾ, ನಮ್ಮ ಪೂಲಿಯಾ ಟಾಕೀಸು, ಸಿದ್ಧವಾಗಿದೆ. ಸುಳ್ಳು ಯಾಕೆ ಹೇಳಲಿ, ಗುತ್ತಿಗೆ ಹಿಡಿದ ಕಂಪನಿಯವರು ಕೆಲಸ ಚೆನ್ನಾಗಿಯೇ ಮಾಡಿದ್ದಾರೆ. ಕಬ್ಬಿಣದ ಕುರ್ಚಿಗಳ ತುಕ್ಕು ಕೆರೆದು ಅಪ್ಪ ಬಳಿಯುತ್ತಿದ್ದ ನೀಲಿಯನ್ನೇ ಬಳಿದಿದ್ದಾರೆ. ನೆಲದ ಜಲ್ಲಿಯನ್ನು ತೊಳೆದು ಮತ್ತೆ ಹರಡಿದ್ದಾರೆ. ಒಣಗಿದ ಮಲ್ಲಿಗೆ ಬಳ್ಳಿಯ ಬುಡ ಕೂಡ ಚಿಗುರಿದೆ. ಅಪ್ಪ ಹೋದಮೇಲೆ ಆರು ಬೇಸಗೆ ಬೀಗ ಬಿದ್ದಿತ್ತಲ್ಲ, ಆರು ಬೇಸಗೆಯೂ ಅಮ್ಮ ನನ್ನ ಬಾಲ್ಕನಿಯಲ್ಲಿ ಕುಳಿತು ಖಾಲಿ ಪರದೆ ನೋಡುತ್ತ, "ತೆರೀತಾರೆ ಬಿಡೇ, ನಾನು ಸಾಯೋದ್ರೊಳಗೆ ತೆರೀತಾರೆ" ಎನ್ನುತ್ತಿದ್ದಳು.

ಆಸ್ತಿ ಹಂಚುವಾಗ ಅಪ್ಪ ಬಾಲ್ಕನಿಯ ಮನೆಯನ್ನು ನನಗೆ ಬಳುವಳಿಯಾಗಿ ಕೊಟ್ಟ, ಟಾಕೀಸಿನ ಜಾಗವನ್ನು ನಿನಗೆ ಬರೆದ. ಅಂದು ನಿನ್ನ ಭುಜ ಹಿಡಿದು ಅವನು ಹೇಳಿದ್ದು ಒಂದೇ ಮಾತು: "ಗೋಡೆ ಎತ್ತರಿಸಬೇಡ ಮಗಾ, ಬಾಲ್ಕನಿಯೋರೂ ನಮ್ಮ ಜನಾನೇ." ಸುತ್ತಲಿನ ಎಂಟು ಬಾಲ್ಕನಿಗಳಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಗಳು ಇಳಿಯುತ್ತಿದ್ದುದು ನೆನಪಿದೆಯೇ? ಒಂದರಲ್ಲಿ ಚೀಸಿನ ಕಡುಬು, ಇನ್ನೊಂದರಲ್ಲಿ ಹುರಿದ ಕಡಲೆ. ಅದೇ ಅವರ ಟಿಕೆಟ್ಟು. ಬುಟ್ಟಿ ಇಳಿಯುವ ತನಕ ಅಪ್ಪ ಸಿನಿಮಾ ಶುರು ಮಾಡುತ್ತಿರಲಿಲ್ಲ. "ಪೊಲಿಕ್ಸೇನಿ, ನಿನ್ನ ಕಡುಬಿಗೋಸ್ಕರ ನಾಯಕ ಕಾಯ್ತಾ ಕೂತವ್ನೆ ಕಣವ್ವಾ!" ಎಂದು ಪಕ್ಕದ ಮನೆಯವಳನ್ನು ಕೂಗುತ್ತಿದ್ದ.

ಈಗ ಏನಾಗಿದೆ ಕೇಳು. ಪೊಲಿಕ್ಸೇನಿಯ ಹಳೇ ಬುಟ್ಟಿಯನ್ನು ಬೇಡಿ ಒಯ್ದು, ಟಿಕೆಟ್ ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿಟ್ಟು, "ನೆರೆಹೊರೆಯ ಸವಿನೆನಪು" ಎಂದು ಚೀಟಿ ಹಚ್ಚಿದ್ದಾರೆ. ಆಮೇಲೆ ಗೋಡೆಯ ಮೇಲೆ ಎರಡಾಳೆತ್ತರ ತಗಡು ಹೊಡೆದಿದ್ದಾರೆ. ಬಿಟ್ಟಿ ನೋಡುವವರಿದ್ದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎನ್ನುವುದು ಅವರ ಲೆಕ್ಕ. ಎಂಟು ಬಾಲ್ಕನಿಯ ಮುದುಕ ಮುದುಕಿಯರಿಂದ ಮುಳುಗಿಹೋಗುತ್ತಾರೆ, ಪಾಪ!

ಶನಿವಾರ ಪರೀಕ್ಷೆಗೆಂದು ಒಂದು ಸಿನಿಮಾ ಓಡಿಸಿದರು. ಅಮ್ಮ ತಲೆ ಬಾಚಿಸಿಕೊಂಡು, ಕನ್ನಡಕ ಒರೆಸಿಕೊಂಡು ಕುಳಿತಳು. ಹಸಿರು ತಗಡಿನಾಚೆಯಿಂದ ಬರಿಯ ಸದ್ದು ಬಂತು, ಅದೂ ಫ್ರೆಂಚಿನಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಅವಳು ಅಕ್ಷರ ಕಲಿತದ್ದೇ ಪರದೆಯ ಕೆಳಗೆ ಓಡುವ ಗ್ರೀಕ್ ಅನುವಾದದ ಸಾಲುಗಳಿಂದ, ಅಪ್ಪ ತೋರಿಸುವ ಬೆರಳಿನ ಹಿಂದೆ. "ಏನಂತಾ ಇದ್ದಾಳೇ ಅವಳು? ಯಾಕೆ ಅಳ್ತಾಳೆ?" ಎಂದು ನನ್ನನ್ನು ಕೇಳುತ್ತಲೇ ಇದ್ದಳು. ನನಗೇನು ಗೊತ್ತು? ಕೊನೆಗೆ ತಲೆವಸ್ತ್ರ ಬಿಚ್ಚಿ, ಕೂದಲು ಕೆದರಿಕೊಂಡು, "ಈ ತಗಡಿಗೆ ರುಜು ಹಾಕಿದೋರ ಕೈಗೆ ಲಕ್ವ ಹೊಡೀಲಿ!" ಎಂದು ನೆಲ ಬಡಿದಳು. ಎಂಬತ್ತೊಂಬತ್ತು ವರ್ಷದ ತಾಯಿಯ ಶಾಪ ಕೇಳಿ ಬೀದಿಯವರೆಲ್ಲ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು.

ರುಜು ಯಾರದೆಂದು ನನಗೆ ಗೊತ್ತು. ಕಂಪನಿಯವನು ಕಾಗದ ತೋರಿಸಿದ. ಅಪ್ಪ ಕಲಿಸಿದ ಆ ಸುರುಳಿ ಅಕ್ಷರ ಬೇರೆ ಯಾರಿಗೂ ಬರುವುದಿಲ್ಲ. ನಾಚಿಕೆಯಾಗಲಿಲ್ಲವೇನೋ ನಿನಗೆ? ಇಪ್ಪತ್ತೆರಡಕ್ಕೆ ಬಂದು ರಿಬ್ಬನ್ ಕತ್ತರಿಸುತ್ತೀಯಂತೆ, ಅಪ್ಪನ ಫೋಟೋದ ಕೆಳಗೆ ಭಾಷಣವಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ! ಜಾಗ ಇನ್ನೂ ನಿನ್ನದೇ. ನೀನು ಒಂದು ಸಾಲು ಬರೆದರೆ ಅರ್ಧ ದಿನದಲ್ಲಿ ತಗಡು ಬಿಚ್ಚುತ್ತಾರೆ, ಕೇಳಿಕೊಂಡು ಬಂದಿದ್ದೇನೆ. ಬರೆ.

ನಾದಿನಿ ಹೈಕೆಗೆ ನನ್ನ ನೆನಪು ತಿಳಿಸು. ಮಾತ್ರೆ ತಪ್ಪಿಸಬೇಡ. ಎಷ್ಟು ಬೈದರೂ ಎತ್ತಿ ಆಡಿಸಿದ ಕೈ ಇದು, ನಿನಗೆ ಒಳ್ಳೆಯದನ್ನೇ ಬೇಡುತ್ತದೆ.

ನಿನ್ನ ಅಕ್ಕ,
ಎವಾಂಥಿಯಾ

ಮ.ಬ.: ಇದನ್ನು ಮರೆತಿದ್ದಲ್ಲ, ಬರೆಯಲು ಮನಸ್ಸು ಬರಲಿಲ್ಲ. ಭಾನುವಾರ ಪೊಲಿಕ್ಸೇನಿ ಬಾಯಿ ತಪ್ಪಿ, ಮನೆಯವರ ರುಜು ಇಲ್ಲದೆ ತಗಡು ಏಳುವುದಿಲ್ಲ ಎಂದುಬಿಟ್ಟಳು. ಅಮ್ಮ ನನ್ನ ಮುಖ ನೋಡಿ, "ಯಾರೇ?" ಎಂದಳು. "ಸ್ಟ್ರಾಟೋಸ್ ನನಗೆ ಅಧಿಕಾರಪತ್ರ ಕೊಟ್ಟಿದ್ದ, ರುಜು ನಾನೇ ಹಾಕಿದೆ" ಎಂದೆ. ಅಂದಿನಿಂದ ಅವಳು ನನ್ನ ಕೈಯಿಂದ ನೀರೂ ಮುಟ್ಟುತ್ತಿಲ್ಲ, ಪೊಲಿಕ್ಸೇನಿ ಬಂದು ಉಣಿಸಿ ಹೋಗುತ್ತಾಳೆ. ನೀನು ಬಂದಾಗ ಅಮ್ಮ ನಿನ್ನ ತಲೆ ಸವರಿ ಹರಸುತ್ತಾಳೆ. ತೆಪ್ಪಗೆ ತಲೆ ಬಗ್ಗಿಸಿ ಹರಸಿಸಿಕೋ, ನಿಜ ಹೇಳಬೇಡ. ಅವಳ ಪಾಲಿಗೆ ಒಂದು ಮಗುವಾದರೂ ಉಳಿಯಲಿ.